ಒಂದೂವರೆ ಕೈ

ಜನವರಿ. ಮೆಟ್ಟಿಲ ಬುಡದಿಂದ ಟ್ರಾಮ್ ನಿಲ್ದಾಣದವರೆಗೂ
ದಾರಿಯೆಲ್ಲ ಗಾಜು.
ನಡೀಬೇಕು, ಸಕ್ಕರೆ ಇಳೀಬೇಕು, ಅಂದರು ಡಾಕ್ಟರಮ್ಮ.
ಎಲ್ಲಿ ನಡೆಯೋದು? ಹೋದ ವರ್ಷ ಇದೇ ಮಂಜುಗಡ್ಡೆಯ ಮೇಲೆ
ಸೊಂಟ ಮುರಿದುಕೊಂಡವಳು ಮೂರನೇ ಮಹಡಿಯ ಯಾದ್ವಿಗಾ,
ಈಗ ಊರುಗೋಲಿಲ್ಲದೆ ಅಡಿಗೆಮನೆಗೂ ಹೋಗಲಾರಳು.

ಅದಕ್ಕೇ ಮೊಮ್ಮಗ ಕೊರ್ನೆಲ್
ತನಗೆ ಹಳತಾದ ಆಟದ ಪೆಟ್ಟಿಗೆ ತಂದು
ಟಿವಿಗೆ ಸಿಕ್ಕಿಸಿ ಹೋದ.
ಅದಕ್ಕೊಂದು ಉದ್ದನೆಯ ಕಪ್ಪು ಕಣ್ಣು.
ಗುಂಡಿ ಒತ್ತೋದಿಲ್ಲ ಅಜ್ಜ, ಏನೂ ಹಿಡಿಯೋದಿಲ್ಲ,
ನೀನು ಆಡಿದಂತೆ ಅದು ಆಡುತ್ತೆ.
ಮೇಜನ್ನು ಗೋಡೆಗೆ ದೂಡಿದೆ, ಜಮಖಾನ ಸುತ್ತಿಟ್ಟೆ.
ನಾಲ್ಕನೇ ಮಹಡಿಯ ನಮ್ಮ ಕೋಣೆಯಲ್ಲಿ
ಒಬ್ಬ ಗಂಡಸು ಕೈಚಾಚುವಷ್ಟು ಜಾಗ ಹುಟ್ಟಿತು.

ಎರಡೂ ಕೈ ಮೇಲೆತ್ತಿ, ಅಂತು ಪೆಟ್ಟಿಗೆ.
ಬೊಗುಮಿಲ್ ಒಂದೂವರೆ ಎತ್ತಿದ.

ಉಳಿದರ್ಧ ಗಿರಣಿಯಲ್ಲಿದೆ, ಎಂಬತ್ತೇಳರಿಂದ.
ಅರಳೆ ಹಿಂಜುವ ಯಂತ್ರ, ರಾತ್ರಿ ಪಾಳಿ, ಮೂರೂಕಾಲು.
ಅದೇ ಗಿರಣಿಯ ಇನ್ನೊಂದು ತುದಿಯಲ್ಲಿ ನಾನು
ಹಾಸಿನ ಎಳೆ ಕಡಿದಲ್ಲಿ ಗಂಟು ಹಾಕುತ್ತಿದ್ದೆ.
ಮಗ್ಗಗಳು ಒಂದೊಂದಾಗಿ ನಿಂತವು.
ಅಲ್ಲಿ ಮೌನ ಕೇಳಿಸಿದ್ದು ಅದೊಂದೇ ಸಲ.
ಗಿರಣಿಗೆ ಕೈ ಕೊಟ್ಟವನು ಅವನು,
ಕೈಕೊಟ್ಟದ್ದು ಗಿರಣಿ.
ಈಗಲ್ಲಿ ಚಪ್ಪಲಿಯಂಗಡಿ, ಐಸ್‌ಕ್ರೀಮು, ಗಾಜಿನ ಲಿಫ್ಟು.
ಭಾನುವಾರ ನಾವೂ ಹೋಗುತ್ತೇವೆ. ಪಿಸ್ತಾದ್ದು ಚೆನ್ನಾಗಿರುತ್ತೆ.

ಪರದೆಯ ಮೇಲೆ ಒಬ್ಬ ಬಂದು ನಿಂತ.
ನೀಲಿ ಅಂಗಿ, ಮೂವತ್ತರ ಪ್ರಾಯ, ಬೊಜ್ಜಿಲ್ಲ,
ಮತ್ತೆ, ಎರಡು ಕೈ.
ಮೊಣಕೈ ಇದ್ದ ಮೇಲೆ ಅಂಗೈಯೂ ಇದ್ದೀತು ಅಂತ
ಒಳ್ಳೇ ಮನಸ್ಸಿನ ಗುಮಾಸ್ತನ ಹಾಗೆ
ಖಾಲಿ ಬಿಟ್ಟ ಜಾಗವನ್ನು ತಾನೇ ತುಂಬಿಕೊಂಡಿತ್ತು ಯಂತ್ರ.
ನಿಂತಲ್ಲಿ ನಿಲ್ಲುವ ಕೈಯಲ್ಲ ಅದು.
ನಡುಗುತ್ತದೆ, ಹೊಟ್ಟೆಯೊಳಗೇ ಹೊಕ್ಕುಬಿಡುತ್ತದೆ,
ಕಿವಿಯ ಹಿಂದೆ ತಿರುಚಿಕೊಂಡು ನೊಣ ಓಡಿಸುತ್ತದೆ.
ನಕ್ಕ ಬೊಗುಮಿಲ್. ಆಮೇಲೆ ನಗಲಿಲ್ಲ.
ಮೋಟು ತೋಳನ್ನು ಮೆಲ್ಲಗೆ ಎತ್ತಿದ, ಇಳಿಸಿದ.
ಕಳೆದುಹೋದ ನಾಯಿಯಂಥದ್ದು ಬೀದಿಯಲ್ಲಿ ಕಂಡರೆ
ಹೆಸರು ಹಿಡಿದು ಕರೆದು ನೋಡುತ್ತಾರಲ್ಲ, ಹಾಗೆ.

ಆಟದಲ್ಲೊಂದು ದೋಣಿ.
ನಮ್ಮೂರ ಹೆಸರಿಗೂ ದೋಣಿ ಅಂತಲೇ ಅರ್ಥ, ವೂಚ್.
ಹೇಳಿಕೊಳ್ಳಲು ಒಂದು ಹೊಳೆಯಿಲ್ಲ.
ಇದ್ದ ತೊರೆಗಳನ್ನು ಗಿರಣಿಗಳು ಕುಡಿದು
ಮಿಕ್ಕದ್ದನ್ನು ಬೀದಿಯಡಿ ಹೂತವು.
ಬಗ್ಗಿ! ಬಲಕ್ಕೆ! ಹಾರಿ!
ಗಾಳಿಯಲ್ಲಿ ಚಿನ್ನದ ಬಿಲ್ಲೆಗಳು.
ಬಲಗೈಗೆ ಸಿಕ್ಕವು ಏಳು,
ಎಡಗೈಗೆ, ನಾನೇ ಎಣಿಸಿದ್ದು, ನಾಲ್ಕು.
ಹನ್ನೊಂದು ಅಂತು ಲೆಕ್ಕ, ಭೇದ ಮಾಡಲಿಲ್ಲ.

ಕೈಹಿಡಿದವಳು ನಾನು. ಯಾವ ಕೈ ಅಂತ ಯಾರೂ ಕೇಳಿಲ್ಲ.
ಎಡದ್ದು. ಚರ್ಚಿನ ಮೆಟ್ಟಿಲಿಳಿಯುವಾಗ ಅವನ ಎಡಕ್ಕಿದ್ದೆ,
ಹೆಬ್ಬೆರಳ ಬುಡದಲ್ಲಿ ನೂಲು ಕೊಯ್ದ ಕಲೆ ತಾಗುತ್ತಿತ್ತು.
ಪರದೆಯ ಕೈಗೆ ಆ ಕಲೆಯಿಲ್ಲ.
ಅಷ್ಟೆಲ್ಲ ಗೊತ್ತಿಲ್ಲ ಆ ಕಣ್ಣಿಗೆ.

ಮುಗಿದ ಮೇಲೆ ಫೋಟೊ ತೋರಿಸುತ್ತದೆ,
ಆಡುವಾಗ ಕದ್ದು ತೆಗೆದದ್ದು.
ಫೋಟೊ ಏನನ್ನೂ ಊಹಿಸುವುದಿಲ್ಲ.
ಸುತ್ತಿಟ್ಟ ಜಮಖಾನ, ಹೀಟರಿನ ಮೇಲೆ ಒಣಗುವ ಕಾಲುಚೀಲ,
ನಡುವೆ, ಪಿನ್ನು ಕಿತ್ತುಕೊಂಡು ಹಾರಿದ ಖಾಲಿ ತೋಳು.
ಉಳಿಸಲೇ, ಅಳಿಸಲೇ? ಕೇಳಿತು ಪೆಟ್ಟಿಗೆ.
ಟಿವಿ ಆರಿಸಲು ಎದ್ದೆ.
ತಡಿ ಹಲಿನಾ, ಅಂದ. ಕಾಲು ನೋಡು.

ನೋಡಿದೆ. ಎರಡೂ ಪಾದ ನೆಲ ಬಿಟ್ಟಿದ್ದವು.
ಸರಿಯಾಗಿ ಅಳೆದರೆ ಒಂದು ಗೇಣು.
ಅರವತ್ತೊಂಬತ್ತು ವರ್ಷ, ಬಾಯಿ ಅಗಲ ತೆರೆದು,
ಕಟ್ಟಿಸಿದ ಹಲ್ಲೆಲ್ಲ ಕಾಣುವ ಹಾಗೆ.

ಕೆಳಗಿನಿಂದ ಯಾದ್ವಿಗಾಳ ಊರುಗೋಲು
ಮೂರು ಸಲ ಸೂರು ಕುಟ್ಟಿತು.
ಹಿಮ್ಮಡಿಯಿಂದ ಒಂದೇ ಏಟಿನ ಉತ್ತರ ಕೊಟ್ಟು
ಅವನು ಮತ್ತೆ ದೋಣಿ ಹತ್ತಿದ.