ಹಸಿಬೆಯ ಇನ್ನೊಂದು ಹೊಟ್ಟೆ

ಮೂಡಿಗೆರೆ ತಾಲ್ಲೂಕು ಕಚೇರಿ, ಮೂರನೇ ಕಿಟಕಿ.
ಪಿಂಚಣಿಗೆ ಹುಟ್ಟಿದ ತಾರೀಕು ಬೇಕಂತೆ.
ಪುಟ್ಟೀರತ್ತೆ ಹೆಗಲ ಮೇಲಿನ ಹಸಿಬೆ ಇಳಿಸಿ
ಧಪ್ಪೆಂದು ಇಟ್ಟಳು.

ಕಿಟಕಿಯೊಳಗಿನ ಹುಡುಗನಿಗೆ ಹಸಿಬೆ ಗೊತ್ತಿಲ್ಲ.
ನಾನೇ ಹೇಳಬೇಕಾಯಿತು:
ಉದ್ದನೆ ಚೀಲ ಕಣಪ್ಪ, ಎರಡೂ ತುದಿ ಹೊಲಿದು
ನಡುವೆ ಸೀಳಿದ್ದು.
ಒಂದೇ ಬಾಯಿ, ಎರಡು ಹೊಟ್ಟೆ.
ಇದು ಕತ್ತರಿಸಿ ಹೆಗಲಿಗೆ ಹೊಂದಿಸಿದ್ದು,
ಮೊದಲು ಎತ್ತಿನ ಬೆನ್ನಿನದು.

ಸೆಣಬು ಕೊಳೆಹಾಕಿ, ಬಡಿದು, ನಾರು ಬಿಡಿಸಿ
ದನ ಕಾಯುತ್ತಲೇ ಕದಿರಲ್ಲಿ ತಿರುವಿದ ಹುರಿ.
ಘಟ್ಟ ಇಳಿಯುವಾಗ ಅಕ್ಕಿ, ಮೆಣಸಿನಕಾಯಿ,
ಹತ್ತುವಾಗ ಉಪ್ಪು.
ಉಪ್ಪು ಬೆವರಿ ಬೆನ್ನು ಸುಡದ ಹಾಗೆ
ಅಡಿಗೊಂದು ಪದರ ಬಾಳೆಪಟ್ಟೆ.
ತಾತ ಬೋರಣ್ಣನಿಗೆ ಏಳು ಎತ್ತು,
ಗಂಟೆ ಮುಂದಿನದಕ್ಕೆ ಮಾತ್ರ.

ಲಾರಿಗೆ ಎಣ್ಣೆ ಸಿಗದ ಯುದ್ಧದ ಕಾಲ.
ಅಟ್ಟ ಸೇರಿದ್ದ ಹಸಿಬೆಗಳೆಲ್ಲ
ಧೂಳು ಕೊಡವಿಕೊಂಡು ಮತ್ತೆ ಎದ್ದಿದ್ದವು.
ಚಾರ್ಮಾಡಿಯ ಬುಡದಲ್ಲಿ ಅಜ್ಜಿಗೆ ಹೆರಿಗೆ.
ಹನ್ನೊಂದರ ದಿನ ಬಾಣಂತಿ ನಡೆದೇ ಹೊರಟಳು,
ಕೂಸಿಗೆ ಮಾಸಲೆತ್ತಿನ ಎಡಹೊಟ್ಟೆ.

ಒಂದು ಕಡೆ ಜಗ್ಗಿದರೆ
ತಿರುವಿನಲ್ಲಿ ಎತ್ತು ಹೆಜ್ಜೆ ಸೋಲುತ್ತದೆ.
ಬಲಕ್ಕೆ ಉಪ್ಪು ತುಂಬಬಹುದಿತ್ತು,
ಆದರೆ ಉಪ್ಪು ಕರಗುತ್ತದೆ,
ದಾರಿಯಲ್ಲೇ ಮಾರಿಹೋಗುತ್ತದೆ.
ತಾತ ಮೃತ್ಯುಂಜಯ ಹೊಳೆಗೆ ಇಳಿದು
ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಕಲ್ಲು,
ಎತ್ತಿ, ಇಳಿಸಿ, ಬೇರೆಯದೆತ್ತಿ,
ಕೊನೆಗೆ ಕೂಸಿನಷ್ಟೇ ಒಂದನ್ನು ಆರಿಸಿ ತಂದ.
ಕಲ್ಲಿಗೆ ಗಿರಾಕಿ ಇಲ್ಲ.

ಅತ್ತೆ ಬೆಳೆದಳು, ಕಲ್ಲು ಬದಲಾಯಿತು.
ಎರಡನೆಯದು ಈಗಲೂ ಉಪ್ಪಿನಕಾಯಿ ಜಾಡಿಯ ಮೇಲಿದೆ.
ಮೂರನೆಯದು ಬಾಗಿಲ ಒತ್ತಿಗೆ.
ನಾಲ್ಕನೆಯದು ಹುಡುಕುವ ಹೊತ್ತಿಗೆ
ಅವಳೇ ಇಳಿದು ನಡೆಯತೊಡಗಿದ್ದಳು.

"ಇದು ಮೊದಲನೇದು," ಅತ್ತೆ ಕೈಹಾಕಿ ತೆಗೆದಳು.
"ಹುಟ್ಟಿದಾಗ ನಾನು ಇಷ್ಟಿದ್ದೆ. ಬರ್ಕೋ."

ಹುಡುಗ ಎತ್ತಿ ನೋಡಿದ.
ಯಾಕೋ ಒಂದು ಅಂಗೈಯನ್ನು
ಕತ್ತಿನಡಿಗೆ ಕೊಟ್ಟವನ ಹಾಗೆ ಹಿಡಿದಿದ್ದ.
ಆಮೇಲೆ ಸಾಲಿನಲ್ಲಿದ್ದ ಎಲ್ಲರಿಗೂ ಬರೆದ ಹಾಗೇ
ಜನವರಿ ಒಂದು ಅಂತ ಬರೆದ.

ಬಣಕಲ್ ಬಸ್ಸಿನಲ್ಲಿ ಕಂಡಕ್ಟರ್ ಹಸಿಬೆ ತಡವಿ
"ಭಾರ ಐತಲ್ಲಜ್ಜಿ, ಲಗೇಜು" ಅಂದ.
ಒಂದು ಹೊಟ್ಟೆಯಲ್ಲಿ ರೇಷನ್ ಕಾರ್ಡು, ಎಲೆ ಅಡಿಕೆ, ಬುತ್ತಿ;
ಇನ್ನೊಂದನ್ನು ತೊಡೆಯ ಮೇಲೆಳೆದುಕೊಂಡು ಅತ್ತೆ:
"ಮಡಿಲ ಕೂಸಿಗೂ ಟಿಕೀಟೇನೋ?"