ನಲವತ್ತಾರನೇ ನಂಬರಿನ ತಂತಿ

ಪಂಪುಸೆಟ್ಟು, ಮಿಕ್ಸಿ, ಸೀಲಿಂಗ್ ಫ್ಯಾನು,
ಒಮ್ಮೆ ಮಸೀದಿಯ ಕೂಲರು.
ಉಪ್ಪಳ ಕೈಕಂಬದ ಈ ಅಂಗಡಿಗೆ
ಸುಟ್ಟು ಬಂದದ್ದೆಲ್ಲ ನನ್ನ ಪಾಲಿಗೆ.
ಗಿಟಾರು ಬಂದದ್ದು ಇದೇ ಮೊದಲು,
ಗೋಣಿಯೊಳಗೆ, ಆಟೋದ ಹಿಂದಿನ ಸೀಟಿನಲ್ಲಿ,
ಬೆನೆಡಿಕ್ಟ ಬಾಯಮ್ಮನ ಮಡಿಲಿಗೆ ತಲೆ ಕೊಟ್ಟು.

"ಕರೆಂಟಿನದ್ದಲ್ವಾ, ನಿಮಗೆ ಗೊತ್ತಾಗ್ತದೆ" ಅಂದರು.
ಕರೆಂಟಿನದ್ದು ಹೌದು. ಆದರೆ ಇದು
ಕರೆಂಟು ತಿನ್ನುವುದಿಲ್ಲ, ಹೆರುತ್ತದೆ.
ಅಷ್ಟು ತಿಳಿಯಲು ಎರಡು ದಿನ ಹೋಯಿತು.

ಅಂಚು ಸೀದು ನಡು ಹಳದಿ ಉಳಿದ ದೋಸೆಯ ಬಣ್ಣ.
ಮೈಮೇಲೆ ನಾಲ್ಕು ಕಿವಿ, ಕಿವಿಗೊಂದು ಸ್ವಿಚ್ಚು.
ತಲೆಯಲ್ಲಿ ಹೆಸರಿಲ್ಲ;
ಹೆಸರು ಕೂತಿದ್ದಲ್ಲಿ ಮೊಳೆಯ ಎರಡು ತೂತು,
ನಡುವೆ ಬಿಸಿಲು ಕಾಣದ ಒಂದು ತುಂಡು ಬಣ್ಣ,
ವಾಚು ಬಿಚ್ಚಿದ ಮಣಿಕಟ್ಟಿನ ಹಾಗೆ.

"ಅಣ್ಣ ಹಡಗಿನಲ್ಲಿ ಅಡುಗೆಗೆ ಇದ್ದ.
ಕೋಬೆಯಲ್ಲಿ ತಕ್ಕೊಂಡದ್ದಂತೆ.
ಇಲ್ಲಾ ಏಡನಿನಲ್ಲಿ, ಯಾರೋ ಕುಡಿದವನಿಂದ.
ಅವನ ಕತೆ ಎರಡು ಸಲ ಒಂದೇ ಇರ್ತಿರಲಿಲ್ಲ."

ಹಡಗಿನ ವಯರಿಂಗ್ ಮಾಡಿ ಮುದುಕಾದ
ಕುಂಞಣ್ಣ ಬೆಳ್ಚಪ್ಪಾಡರನ್ನು ಕರೆಸಿದೆ.
ಕತ್ತಿನ ಹಿಂದಿನ ತಗಡು ಉಜ್ಜಿದರು:
ಮೇಡ್ ಇನ್ ಜಪಾನ್. ಒಂದು ನಂಬರು,
ಕೊನೆಯ ಅಂಕಿ ತುಕ್ಕಿನ ಹೊಟ್ಟೆಯಲ್ಲಿ.
"ಅರವತ್ತೈದು, ಅರವತ್ತಾರು. ಆಚೀಚೆ ಇಲ್ಲ.
ಹೆಸರು ಹುಡುಕಬೇಡ ಮಾರಾಯ.
ಆಗ ಅಲ್ಲಿ ಒಂದೇ ಕಾರ್ಖಾನೆ, ಇಪ್ಪತ್ತು ಹೆಸರು,
ಅಂಗಡಿಯವ ಹೇಳಿದ್ದನ್ನು ಹಣೆಗೆ ಹೊಡೆಯುವುದು.
ಬೀಡಿ ಕಟ್ಟುವವಳು ಲೇಬಲ್ ನೋಡಿ ಕಟ್ತಾಳಾ?"

ನಾಲ್ಕು ಸ್ಕ್ರೂ. ಸೀಮೆಎಣ್ಣೆ ಕುಡಿಸಿ ಒಂದು ರಾತ್ರಿ ಬಿಟ್ಟೆ.
ಬೆಳಿಗ್ಗೆ ಕತ್ತು ಕಳಚಿದರೆ, ಆ ಗುಳಿಯಲ್ಲಿ,
ಮರದ ಮೇಲೆ, ಪೆನ್ಸಿಲಿನಲ್ಲಿ
ಒಂದೇ ಒಂದು ಅಕ್ಷರ.
ಓದಲಿಕ್ಕೆ ಬರುವುದಿಲ್ಲ. ಆದರೆ ಗೊತ್ತು ಅದು ಎಂತ ಅಂತ.
ನಾನು ಸುತ್ತಿದ ಪ್ರತಿ ಮೋಟರಿನ ಮುಚ್ಚಳದ ಒಳಗೆ
ನಾನೂ ಬರೆಯುತ್ತೇನೆ: ತಾರೀಕು, ತಂತಿ, ಸುತ್ತು, ಒಂದು "ಶೇ".
ಅದನ್ನು ಓದುವವನು
ಮುಂದೆ ಅದನ್ನು ಬಿಚ್ಚುವವನು ಮಾತ್ರ.

ಮೂರು ಕಿವಿಗೆ ಜೀವ ಉಂಟು, ಮೀಟರ್ ಹೇಳಿತು.
ನಾಲ್ಕನೆಯದರ ಮುಳ್ಳು ಕದಲಲಿಲ್ಲ.
ಟೇಪು ಸುಲಿದರೆ ಒಳಗೆ
ಕಡಲಗಾಳಿ ತಿಂದು ಹಸಿರಾದ ತಾಮ್ರ,
ಮಗುವಿನ ಹುಬ್ಬಿಗಿಂತ ಸಪೂರ.
ನನ್ನ ಕೈ ಇಪ್ಪತ್ತಮೂರನೇ ನಂಬರಿನ ಕೈ.
ಮಂಗಳೂರಿಗೆ ಹೋಗಿ ನಲವತ್ತಾರು ತಂದೆ.
ವಾರಿಜಳ ಹೊಲಿಗೆ ಮಿಷನಿನ ಚಕ್ರಕ್ಕೆ ಅಯಸ್ಕಾಂತ ಅಂಟಿಸಿ
ಹಳೆ ಕ್ಯಾಲ್ಕುಲೇಟರಿನ ಸಮಚಿಹ್ನೆಗೆ ಎರಡು ವಯರು:
ಒಂದು ಸುತ್ತಿಗೆ ಒಂದು.
ಎರಡು ಸಾವಿರದ ಹನ್ನೊಂದಕ್ಕೆ ಕಡಿಯಿತು.
ನಾಲ್ಕು ಸಾವಿರ ದಾಟುವಾಗ ಅಂದುಂಞಿ ಸೀನಿದ.
ಮೂರನೇ ಸಲ ಅಂಗಡಿಯ ಬಾಗಿಲು ಎಳೆದು,
ಫ್ಯಾನು ನಿಲ್ಲಿಸಿ, ಉಸಿರನ್ನೂ ಅರ್ಧ ನಿಲ್ಲಿಸಿ,
ಐದು ಸಾವಿರದ ಎಂಟು ನೂರು.

ಸ್ವಿಚ್ಚುಗಳನ್ನು ಪೆಟ್ರೋಲಿನಲ್ಲಿ ತೊಳೆದೆ.
ಕ್ರೋಮನ್ನು ಹಲ್ಲುಪುಡಿಯಲ್ಲಿ ಬೆಳಗಿದೆ.
ಕತ್ತು ಕೂರಿಸುವ ಮೊದಲು
ಆ ಅಕ್ಷರದ ಕೆಳಗೆ ಸ್ವಲ್ಪ ಜಾಗ ಬಿಟ್ಟು ಬರೆದೆ:
೪೬. ೫೮೦೦. ಶೇ.

ಅಂದುಂಞಿಯ ಮದುವೆ ಮೈಕಿನ ಡಬ್ಬಕ್ಕೆ ಚುಚ್ಚಿದೆವು.
ಬಾಯಮ್ಮನಿಗೆ ಬಾರಿಸಲು ಬರುವುದಿಲ್ಲ.
ಅನ್ನ ಬೆಂದಿದೆಯೇ ಅಂತ ಹಿಸುಕಿ ನೋಡುವ ಬೆರಳಲ್ಲಿ
ದಪ್ಪ ತಂತಿಯನ್ನು ಒಮ್ಮೆ ಎಳೆದು ಬಿಟ್ಟರು.
ರಸ್ತೆಯಾಚೆ ಮೀನಿನವಳು ತಿರುಗಿ ನೋಡಿದಳು.

"ಚಂದ ಉಂಟು" ಅಂದರು. ಆಮೇಲೆ,
"ಅವನದ್ದು ಹೀಗಿರಲಿಲ್ಲ.
ಮಧ್ಯೆ ಮಧ್ಯೆ ಕೊರಕೊರ ಅಂತಿತ್ತು."

ಆ ಕೊರಕೊರವನ್ನೇ ನಾನು ಪೆಟ್ರೋಲಿನಲ್ಲಿ ತೊಳೆದದ್ದು.
ಅವರಿಗೆ ಹೇಗೆ ಹೇಳುವುದು.
ಹೇಳಿದೆ.

ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟು
ಗೋಣಿಯ ಬಾಯಿ ಕಟ್ಟುತ್ತಾ ಅಂದರು:
"ಇರಲಿ. ಮನೆ ಕಡಲಿನ ಪಕ್ಕವೇ ಉಂಟಲ್ಲ.
ಎರಡು ಮಳೆಗಾಲ ಕಿಟಕಿಯ ಹತ್ತಿರ ಇಡುತ್ತೇನೆ."