ಮೌನ, ಮೂವತ್ತೊಂದು ಸಲ

ಸಂಪಿಗೆ ರಸ್ತೆಯ ಡಿಟಿಪಿ ಅಂಗಡಿಯಲ್ಲಿ
ರುಖಿಯಾ ನನ್ನ ನಲವತ್ತೇಳು ಪದ್ಯಗಳನ್ನೂ
ಒಟ್ಟಿಗೆ ಎತ್ತಿ ಯಂತ್ರದ ಬಾಯಿಗೆ ಸುರಿದಳು.
"ತಮಾಷೆ ನೋಡಿ ಅಣ್ಣ, ಪದಗಳ ಮೋಡ ಕಟ್ಟುತ್ತೆ.
ಜಾಸ್ತಿ ಸಲ ಬರೆದಿದ್ದು ದಪ್ಪ, ಕಮ್ಮಿ ಬರೆದಿದ್ದು ಸಣ್ಣ."

ಕಟ್ಟಿತು.
ನಟ್ಟನಡುವೆ, ಕೆರೆಯಲ್ಲಿ ಎಮ್ಮೆ ಮಲಗಿದ ಹಾಗೆ,
ಮೌನ.
ಅದರ ಕೊಂಬಿಗೆ ಸಿಕ್ಕಿಕೊಂಡು ಬೆಳದಿಂಗಳು,
ಬಾಲದ ಕಡೆ ಬಹುಶಃ,
ಹೊಟ್ಟೆಯಡಿ ಉಣ್ಣೆಗಳಂತೆ ಏನೋ, ಎಲ್ಲೋ, ಯಾರೋ.

"ಮೂವತ್ತೊಂದು ಸಲ! ಇಷ್ಟು ಮೌನಕ್ಕೆ
ಕಿವಿ ನೋಯಲ್ವಾ ಅಣ್ಣ?"
ಗೃಹಪ್ರವೇಶದ ಕಾರ್ಡಿಗೆ ಕಾದಿದ್ದವರು
ಕತ್ತು ಚಾಚಿ ಓದಿ, ನನ್ನ ಮುಖ ನೋಡಿ,
ಪಾಪ ಅನ್ನಿಸಿತೇನೋ, ಕುರ್ಚಿ ಬಿಟ್ಟುಕೊಟ್ಟರು.

ನನಗೂ ಹಟ. ಇಪ್ಪತ್ತೆರಡು ವರ್ಷ
ಎಪಿಎಂಸಿ ಮಂಡಿಯಲ್ಲಿ ಲೆಕ್ಕ ಬರೆದವನು,
ಬೇರೆಯವರ ಕೂಡಿಕೆಯನ್ನು ಹಾಗೇ ನಂಬಲಾರೆ.
ಪ್ರಿಂಟು ತೆಗೆಸಿದೆ. ಹತ್ತು ರೂಪಾಯಿ.
ಮಧ್ಯಾಹ್ನದ ಲಾರಿ ಬರುವ ತನಕ
ಮೂಟೆಯ ಮೇಲೆ ಕೂತು ಕೆಂಪು ಪೆನ್ನಿನಲ್ಲಿ ಎಣಿಸಿದೆ.

ಯಂತ್ರಕ್ಕೆ ವಿಭಕ್ತಿ ಗೊತ್ತಿಲ್ಲ.
ಮೌನಕ್ಕೂ ಮೌನದಿಂದಕ್ಕೂ ನೆಂಟಸ್ತನವೇ ಇಲ್ಲವೆಂದು
ಬೇರೆ ಬೇರೆ ಮನೆ ಕೊಟ್ಟಿದೆ.
ಕೂಡಿಸಿದರೆ ಐವತ್ತು ದಾಟಿತು. ಹೋಗಲಿ.
ಆದರೆ ಅಂಚಿನಲ್ಲಿ, ಇರುವೆ ಗಾತ್ರದಲ್ಲಿ,
ತೂಕ, ತೂಕದ, ತೂಗಿ, ತೂಗಿದ, ತೂಗುತ್ತ, ತೂಗಿದರೂ...
ಅರವತ್ತನಾಲ್ಕು.

ಜಲಂಧರದ ಬಿತ್ತನೆಗಡ್ಡೆ ಬಂದಾಗ
ದುದ್ದದ ಹೊಲಗಳ ಬದುವಿನಲ್ಲಿ ಹೆಂಗಸರು ಕೂತು
ಹೋಳು ಮಾಡುತ್ತಾರೆ,
ಒಂದೊಂದು ಹೋಳಿಗೂ ಒಂದಾದರೂ ಕಣ್ಣು ಉಳಿಯುವಂತೆ.
ನನ್ನದೇ ಒಂದು ಪದವನ್ನು ಯಾರೋ ಹಾಗೆ ಕೊಯ್ದು
ನನಗೆ ತಿಳಿಯದಂತೆ ಊರಿಬಿಟ್ಟಿದ್ದಾರೆ.
(ಯಾರೋ. ನೋಡಿ, ಮತ್ತೆ ಬಂತು.)

ಚಂದ್ರನನ್ನು ತೂಗಿದ್ದೇನೆ.
ಬಸ್ಸಿನಲ್ಲಿ ಎದುರು ಕೂತವಳ ನಗುವನ್ನು ತೂಗಿದ್ದೇನೆ.
ಅಪ್ಪನನ್ನು ಎತ್ತಿಕೊಂಡು ಹೋದ ದಿನ
ನನ್ನ ಹೆಗಲ ಪಾಲಿಗೆ ಎಷ್ಟು ಬಂತೆಂದು,
ಹೇಳಲು ನಾಚಿಕೆ, ಕೆಜಿ ಲೆಕ್ಕದಲ್ಲೇ ಯೋಚಿಸಿದ್ದೇನೆ.
ಬರೆಯಲು ಕೂರುವ ಮುನ್ನ ಕೈಕಾಲು ತೊಳೆದು
ಮಂಡಿಯ ಮಣ್ಣನ್ನು ಹೊಸ್ತಿಲಾಚೆ ಬಿಟ್ಟೆ ಅಂದುಕೊಂಡಿದ್ದೆ.
ತಕ್ಕಡಿ ಹಿಂದೆಯೇ ಒಳಗೆ ಬಂದಿದೆ.

ಇನ್ನೊಂದು ಪದ ಹುಡುಕಿದೆ.
ಮೇಲೆ, ಕೆಳಗೆ, ಕಾಗದ ಅಡ್ಡ ತಿರುಗಿಸಿ.
ಇಲ್ಲ. ಆಲೂಗಡ್ಡೆ ಇಲ್ಲ.
ಗುಮಾಸ್ತನಾಗಿ ಲಕ್ಷ ಸಲ ಬರೆದದ್ದು
ಕವಿಯಾಗಿ ಒಂದು ಸಲವೂ ಬರೆದಿಲ್ಲ.
ಮಲ್ಲಿಗೆ ಹದಿನಾರು ಇದೆ.
ನಮ್ಮನೆಯಲ್ಲಿ ಮಲ್ಲಿಗೆ ಗಿಡವಿಲ್ಲ.

ಹಮಾಲಿ ದ್ಯಾವಪ್ಪ ಮೂಟೆ ಇಳಿಸಿ ಇಣುಕಿದ:
"ಏನ್ ಧರಣೇಶಣ್ಣ, ಇಷ್ಟೊಂದು ಕೆಂಪು! ಯಾರ ಬಾಕಿ?"
"ನಂದೇ" ಅಂದೆ.

ರಾತ್ರಿ ಮೌನಗಳನ್ನು ಒಂದೊಂದಾಗಿ ಕಿತ್ತೆ.
ಬಹಳ ಕಡೆ ಸಾಲಿಗೆ ಗೊತ್ತೇ ಆಗಲಿಲ್ಲ,
ಹಾಲುಹಲ್ಲಿನಂತೆ ಕೈಗೆ ಬಂದವು.
ಒಂದು ಕಡೆ ಮಾತ್ರ ರಕ್ತ ಬಂತು:
ಆಸ್ಪತ್ರೆಯ ಪದ್ಯ, ಏಳನೇ ಸಾಲು.
ಅಲ್ಲಿ ಬಿಟ್ಟೆ.
ಹಾಸನಾಂಬೆಯ ಬಾಗಿಲಿನಂತೆ ವರ್ಷಕ್ಕೊಮ್ಮೆ ತೆರೆದರೆ ಸಾಕು,
ಉಳಿದ ದಿನ ದೀಪ ಒಳಗೇ ಉರಿಯಲಿ,
ಉರಿಯುವುದಾದರೆ.

ತೂಕವನ್ನು ಮುಟ್ಟಲಿಲ್ಲ. ಯಾಕೆಂದು ಕೇಳಬೇಡಿ.

ನಲವತ್ತೆಂಟನೆಯದು ಇನ್ನೂ ಮುಗಿದಿಲ್ಲ.
ಸದ್ಯಕ್ಕೆ ಇಷ್ಟು:

ಸೋಮವಾರ. ಆಲೂಗಡ್ಡೆ.
ಐವತ್ತು ಕೆಜಿಯ ಚೀಲ, ಇನ್ನೂರ ಹನ್ನೊಂದು.
ಅಡಿಯ ವರಸೆಯಲ್ಲಿ ಒಂದು ಗಡ್ಡೆ ಕೊಳೆತಿದೆ,
ಯಾವ ಚೀಲದಲ್ಲೆಂದು
ಮೂಗಿಗೆ ಗೊತ್ತು, ಪಟ್ಟಿಗೆ ಗೊತ್ತಿಲ್ಲ.